ಖಾಲಿ ರೈಲುಬಸ್ಸಿಗೆ ಬೆಳಕು ಕೊಟ್ಟ ಚಿಪ್ ಮಹಾಶಯರಿಗೆ

ಇವರಿಗೆ,
ಶ್ರೀಮಾನ್ ಧ್ವನಿ-ಬೆಳಕಿನ ಚಿಪ್ ಅವರು,
ಕೆಂಪು ರೈಲುಬಸ್ಸಿನ ಚಾವಣಿಯಡಿ, ಚಾಲಕನ ಬೆನ್ನ ಹಿಂದೆ,
ಪುಟಾಣಿ ರೈಲು ಸಂಘ, ಹಳೆಯ ಸರಕು ಕೊಠಡಿ, ವೈಡನ್‌ರೋಡ್.

ಮಾನ್ಯರೇ,

ಪತ್ರದ ಮೊದಲಿಗೆ ಕ್ಷೇಮಸಮಾಚಾರ ವಿಚಾರಿಸುವುದು ನಮ್ಮ ಮನೆಯ ರೂಢಿ. ಆದರೆ ತಾವು ಕ್ಷೇಮವಾಗಿದ್ದೀರಿ, ತಮ್ಮ ಗಂಟಲು ತಮಗಿಂತಲೂ ಕ್ಷೇಮವಾಗಿದೆ ಎಂಬುದನ್ನು ಕ್ರಿಸ್‌ಮಸ್ಸಿಗೆ ನಾಲ್ಕು ವಾರ ಮುಂಚಿನ ಮೊದಲ ಅಡ್ವೆಂಟ್ ಭಾನುವಾರದಂದು ವೈಡನ್‌ರೋಡ್ ಊರಿಗೆ ಊರೇ ಕಿವಿಯಾರೆ ಕೇಳಿರುವುದರಿಂದ, ಆ ಉಪಚಾರವನ್ನು ಬದಿಗಿಟ್ಟು ನೇರವಾಗಿ ಸಾಷ್ಟಾಂಗ ನಮಸ್ಕಾರಕ್ಕೆ ಬರುತ್ತೇನೆ. ಸಾಷ್ಟಾಂಗ ಎಂದದ್ದು ಬರಿಯ ಬಾಯಿಮಾತಲ್ಲ. ತಮ್ಮಿಂದ ಕಳಚಿಬಿದ್ದ ಕೂದಲೆಳೆಯಂಥ ತಂತಿಯೊಂದನ್ನು ಹುಡುಕುತ್ತಾ ಸಂಘದ ನೆಲದ ಮೇಲೆ ನಾನು ಅಡ್ಡಬಿದ್ದು ಕಳೆದ ಸಂಜೆಗಳಿಗೆ ನನ್ನ ಮಂಡಿಗಳೇ ಸಾಕ್ಷಿ.

ಹೆಬ್ಬೆರಳಿನ ಉಗುರಿನಷ್ಟೂ ಅಗಲವಿಲ್ಲದ ತಾವು, ಡೀಸೆಲ್ ಎಂಜಿನ್ನಿನ ಗುಡುಗು, ಬ್ರೇಕಿನ ಕೀರಲು, ಬಾಗಿಲು ಬಡಿಯುವ ಸದ್ದು, ನಿಲ್ದಾಣದ ಹೆಂಗಸಿನ ಪ್ರಕಟಣೆ, ಕಂಡಕ್ಟರನ ಕೆಮ್ಮು, ಕೊನೆಗೆ ಶೌಚಾಲಯದಲ್ಲಿ ನೀರು ಬಿಡುವ ಸದ್ದನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಬದುಕುತ್ತಿರುವುದು ಸಾಮಾನ್ಯ ಸಾಧನೆಯಲ್ಲ. ಅದಕ್ಕಿಂತ ದೊಡ್ಡ ಸಾಧನೆಯೆಂದರೆ, ಹದಿನೈದು ವರ್ಷಗಳಿಂದ ನಮ್ಮ ಊರಿನ ಮಂಡಳಿ ಚರ್ಚಿಸಿ, ಮುಂದೂಡಿ, ಉಪಸಮಿತಿಗೆ ಕಳಿಸಿ, ಮತ್ತೆ ಚರ್ಚಿಸುತ್ತಿದ್ದ ವಿಷಯವೊಂದನ್ನು ತಾವು ಒಂದೇ ಮಧ್ಯಾಹ್ನದಲ್ಲಿ ಇತ್ಯರ್ಥ ಮಾಡಿಬಿಟ್ಟಿರಿ. ಇಂಥ ದಕ್ಷತೆಯನ್ನು ನಾನು ಯಾವ ಸರ್ಕಾರಿ ಕಚೇರಿಯಲ್ಲೂ ಕಂಡವನಲ್ಲ.

ನನ್ನ ಪರಿಚಯ ತಮಗೆ ಬೆರಳುಗಳ ಮೂಲಕ ಮಾತ್ರ ಆಗಿದೆಯಾದ್ದರಿಂದ ಎರಡು ಮಾತು ಹೇಳಿಕೊಳ್ಳುತ್ತೇನೆ. ನಾನು ಗೆರ್ನೊಟ್ ವಿಂಕ್ಲರ್, ನಿವೃತ್ತ ಭೂಗೋಳದ ಮೇಷ್ಟ್ರು, ಈ ಸಂಘದ ಹಳೆಯ ಸದಸ್ಯ. ನಾನು ಮತ್ತು ನಮ್ಮಕ್ಕ ವಾಲ್‌ಬುರ್ಗಾ ಒಂದೇ ಮನೆಯಲ್ಲಿದ್ದವರು. ಕೆಳಗೆ ನಾನು, ಮಹಡಿಯ ಮೇಲೆ ಅವಳು, ರಾತ್ರಿಯೂಟಕ್ಕೆ ಇಬ್ಬರೂ ಒಂದೇ ಮೇಜಿನಲ್ಲಿ, ಬ್ರೆಡ್ಡು, ಚೀಸು ಮತ್ತು ಜಗಳದೊಂದಿಗೆ. ಅಕ್ಕ ಹದಿನಾಲ್ಕು ಕಿಲೋಮೀಟರ್ ದೂರದ ಬಿರ್ಕೆನ್‌ಸ್ಟಾಟ್ ಪಟ್ಟಣದ ನಾಟಕ ಮಂದಿರದಲ್ಲಿ ಉಡುಪು ಹೊಲಿಯುವವಳು. ರಾಜನಿಗೆ ನಿಲುವಂಗಿ, ಕೋಡಂಗಿಗೆ ಚಲ್ಲಣ, ದಪ್ಪಗಾದ ನಾಯಕಿಗೆ ಪ್ರತಿ ಸಲ ಸ್ವಲ್ಪ ಹೆಚ್ಚು ಬಟ್ಟೆ. ನಾಟಕ ಮುಗಿಯುವುದು ಹತ್ತಕ್ಕೆ, ಅಲ್ಲಿಂದ ನಮ್ಮೂರಿಗೆ ಕೊನೆಯ ಬಸ್ಸು ಹೊರಡುವುದು ಆರಕ್ಕೆ. ಅವಳಿಗೆ ಕಾರು ಓಡಿಸಲು ಬರುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಪರೀಕ್ಷೆಗೆ ಹೋಗಿ, ಪರೀಕ್ಷಕನಿಗೇ ನಾಲ್ಕು ಮಾತು ಹೇಳಿ, ನಡುರಸ್ತೆಯಲ್ಲಿ ಇಳಿದು ಬಂದವಳು. ಹಾಗಾಗಿ ಇಷ್ಟು ವರ್ಷವೂ ಅವಳನ್ನು ಕರೆತರುತ್ತಿದ್ದವನು ನಾನು.

ಕಳೆದ ಬೇಸಿಗೆಯಲ್ಲಿ ಕಣ್ಣಿನ ಡಾಕ್ಟರು ನನ್ನನ್ನು ಕತ್ತಲ ಕೋಣೆಯಲ್ಲಿ ಕೂರಿಸಿ ಚುಕ್ಕೆಗಳನ್ನು ತೋರಿಸಿ, "ಮೇಷ್ಟ್ರೇ, ಎದುರಿಗಿರೋದು ನಿಮಗೆ ಚೆನ್ನಾಗೇ ಕಾಣ್ತಿದೆ. ಪಕ್ಕದ ನೋಟ ಹೋಗಿದೆ. ಹೊಸ ವರ್ಷದಿಂದ ಕಾರು ಮುಟ್ಟಬೇಡಿ," ಎಂದರು. ಮಸೂರದ ಕೆಳಗೆ ಬೆಸುಗೆ ಹಾಕಬಹುದೇ ಎಂದು ಕೇಳಿದೆ. ಧಾರಾಳವಾಗಿ ಹಾಕಿ ಎಂದರು. ತಮ್ಮ ಅದೃಷ್ಟ ಅದು.

ಆದ್ದರಿಂದ ಊರಿನ ಹಳೆಯ ರೈಲು ದಾರಿ ಮತ್ತೆ ತೆರೆಯುತ್ತದೋ ಇಲ್ಲವೋ ಎಂಬುದು ಉಳಿದವರಿಗೆ ಪತ್ರಿಕೆಯ ಸುದ್ದಿಯಾಗಿದ್ದರೆ ನಮ್ಮ ಮನೆಗೆ ಊಟದ ಮೇಜಿನ ಪ್ರಶ್ನೆಯಾಗಿತ್ತು. ರೈಲು ಬಂದರೆ ಅಕ್ಕನಿಗೆ ಮನೆಯೂ ಉಂಟು, ನಾಟಕವೂ ಉಂಟು. ಬಾರದಿದ್ದರೆ ಬಿರ್ಕೆನ್‌ಸ್ಟಾಟ್‌ನಲ್ಲಿ ಒಂದು ಕೋಣೆ ಹಿಡಿಯುವುದಾಗಿ ಅವಳು ಸ್ಪಷ್ಟವಾಗಿ ಹೇಳಿದ್ದಳು. "ಕೆಲಸ ಬಿಡು ಅನ್ನಬೇಡ. ಆ ಮಾತು ಬಾಯಿಗೆ ಬಂದ್ರೆ ಕಾಫಿ ಜೊತೆ ನುಂಗಿಬಿಡು," ಎಂದಳು. ನಾನು ನುಂಗಿದೆ. ಹಳಿಗಳು ಇನ್ನೂ ಇದ್ದವು, ಸರ್ಕಾರ ಖರ್ಚು ಹೊರಲು ಒಪ್ಪಿತ್ತು, ಬರಬೇಕಿದ್ದದ್ದು ಬ್ಯಾಟರಿಯಲ್ಲಿ ಓಡುವ ಹೊಸ ಗಾಡಿ. ಬೇಕಿದ್ದದ್ದು ನಮ್ಮ ಊರಿನ ಮಂಡಳಿಯ ಒಂದು ಹೂಂ ಮಾತ್ರ.

ಆ ಹೂಂಗೆ ಅಡ್ಡ ನಿಂತಿದ್ದವರು ಮಂಡಳಿಯ ಸದಸ್ಯೆ ಶ್ರೀಮತಿ ಅನ್ನೆಗ್ರೆಟ್ ಬೋಲ್. ಇವರು 'ಶಾಂತ ಕಣಿವೆ' ಎಂಬ ನಾಗರಿಕರ ವೇದಿಕೆಯ ಸ್ಥಾಪಕರು. ಇವರ ಮನೆಯ ಹಿತ್ತಲು ಹಳಿಗೆ ಆತುಕೊಂಡಿದೆ. ಹಳಿಯ ಮೇಲೆ ಅವರು ಬಹಳ ಮುತುವರ್ಜಿಯಿಂದ ಗುಲಾಬಿ ಬೆಳೆಸಿದ್ದಾರೆ. ಅವರ ವಾದ ಎರಡೇ: ರೈಲು ವಿಪರೀತ ಗದ್ದಲ ಮಾಡುತ್ತದೆ, ಮತ್ತು ಅದರಲ್ಲಿ ಯಾರೂ ಕೂರುವುದಿಲ್ಲ. ಈ ಎರಡು ವಾಕ್ಯಗಳನ್ನು ತಾವು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಅವರಿಂದ ವರ್ಷಗಟ್ಟಲೆ ಸಾಬೀತು ಮಾಡಲಾಗದಿದ್ದ ಇವನ್ನು ಸಾಬೀತು ಮಾಡಿಕೊಟ್ಟವರು ತಾವು.

ಮೊದಲ ಅಡ್ವೆಂಟ್ ಭಾನುವಾರ ನಮ್ಮ ಸಂಘದ ಬಾಗಿಲು ಊರವರಿಗೆಲ್ಲ ತೆರೆದಿರುತ್ತದೆ. ಮಂಡಳಿಯವರು ತಪ್ಪದೆ ಬರುತ್ತಾರೆ, ಪ್ಲಮ್ ಕೇಕಿಗಾಗಿ. ಈ ಸಲ ಮತದಾನ ಅದೇ ವಾರದ ಗುರುವಾರಕ್ಕೆ ಬಿದ್ದಿತ್ತು. ನಮ್ಮ ಆರು ಮೀಟರ್ ಉದ್ದದ ಮೇಜಿನ ಮೇಲೆ ಪುಟ್ಟ ಮಾದರಿಯಾಗಿ ಇಡೀ ಕಣಿವೆ ಇದೆ, ಹೊಳೆ ಇದೆ, ಚರ್ಚು ಇದೆ, ಆ ಹಳಿಯೂ ಇದೆ. ಹಳಿಯ ಮೇಲೆ ಓಡುತ್ತಿದ್ದದ್ದು ತಾವು ಈಗ ವಾಸವಾಗಿರುವ, ಎಂಜಿನ್ನೂ ಡಬ್ಬಿಯೂ ಒಂದೇ ಆದ ಕೆಂಪು ರೈಲುಬಸ್ಸು. ಅಲ್ಲಿಯವರೆಗೆ ಅದು ಮೂಕ. ಒಳಗೆ ದೀಪವಿಲ್ಲ, ಬಾಯಲ್ಲಿ ಮಾತಿಲ್ಲ. ಸೀಟುಗಳ ತುಂಬ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಜನ. ಅವರಿಗೆಲ್ಲ ಕೋಟು, ಟೋಪಿ, ಶಾಲು ಬಣ್ಣ ಹಚ್ಚಿದವಳು ನಮ್ಮಕ್ಕ. ಕನ್ನಡಕ ಮೂಗಿನ ತುದಿಗಿಳಿಸಿ, ಮೂರು ಕೂದಲಿನ ಕುಂಚ ಹಿಡಿದು, ನಾಟಕದವರಿಗೆ ಹೊಲಿಯುವಷ್ಟೇ ಶ್ರದ್ಧೆಯಿಂದ ಕೂತು ಹಚ್ಚಿದ್ದಳು.

ಅಕ್ಕ ಅಂದಳು, "ಇದನ್ನ ಹಿಂಗೇ ಓಡಿಸು. ಸದ್ದಿಲ್ಲ, ಗಲಾಟೆ ಇಲ್ಲ, ಸೀಟು ತುಂಬ ಜನ ಇದ್ದಾರೆ. ಆ ಬೋಲಮ್ಮ ಏನಂತಾಳೆ ನೋಡೋಣ."

ಇದಕ್ಕಿಂತ ಸರಿಯಾದ ಸಲಹೆ ಆ ವರ್ಷ ಆ ಊರಿನಲ್ಲಿ ಯಾರ ಬಾಯಿಂದಲೂ ಬಂದಿರಲಾರದು. ಅದಕ್ಕೇ ನಾವು ಅದನ್ನು ಕೇಳಲಿಲ್ಲ.

ಇಲ್ಲಿ ನಮ್ಮ ಸಂಘದ ಬಗ್ಗೆ ತಮಗೊಂದು ವಿಷಯ ತಿಳಿಸಬೇಕು. ನಮ್ಮ ಮೇಜಿನ ಮೇಲೆ ಕಾಲ 1965ರ ಬೇಸಿಗೆಯಲ್ಲಿ ನಿಂತಿದೆ. ಯಾರೋ ಒಬ್ಬರು ಮಾರುಕಟ್ಟೆಯ ಚೌಕದಲ್ಲಿ ಎರಡು ವರ್ಷ ತಡವಾಗಿ ಹುಟ್ಟಿದ ಕಾರೊಂದನ್ನು ನಿಲ್ಲಿಸಿದ್ದಕ್ಕೆ ಮೂರು ಸಭೆಗಳು ನಡೆದು, ಒಬ್ಬ ಸದಸ್ಯರು ರಾಜೀನಾಮೆ ಕೊಟ್ಟಿದ್ದಾರೆ. ಇದನ್ನೆಲ್ಲ ಕಾಯುವವರು ಅಧ್ಯಕ್ಷ ಓಡಿಲೊ ಶ್ಟುಂಪ್ಫ್ ಅವರು. ನಾವಿಬ್ಬರೂ ಇಪ್ಪತ್ತೆಂಟು ವರ್ಷಗಳಿಂದ ಪ್ರತಿ ಮಂಗಳವಾರ ಅಕ್ಕಪಕ್ಕ ಕೂತು ಬಿಯರ್ ಕುಡಿಯುತ್ತಿದ್ದರೂ ಇಂದಿಗೂ ಒಬ್ಬರಿಗೊಬ್ಬರು 'ನೀವು'. ಊರವರ ಮುಂದೆ ಮೂಕ ರೈಲು ಓಡಿಸುವುದು ಸಂಘಕ್ಕೆ ಅವಮಾನವೆಂದು ಅವರು ಹೇಳಿದಾಗ ನನ್ನ ಬೆರಳುಗಳು ಆಗಲೇ ತುರಿಸುತ್ತಿದ್ದವು. ಬೆಲೆಪಟ್ಟಿಯಲ್ಲಿ ತಮ್ಮ ಭಾವಚಿತ್ರವನ್ನು ನಾನು ವಸಂತಕಾಲದಿಂದಲೇ ನೋಡಿಕೊಂಡು ಬರುತ್ತಿದ್ದೆ.

"ವಿಂಕ್ಲರ್ ಅವರೇ, ಧ್ವನಿ ಹಾಕಿಸೋದಾದ್ರೆ ಅಸಲಿ ಧ್ವನಿ ಹಾಕಿಸಿ. ಇಲ್ಲಾಂದ್ರೆ ಬೇಡವೇ ಬೇಡ," ಎಂದರು ಓಡಿಲೊ.

ಅಕ್ಕ ಅಂದು ಸಂಘಕ್ಕೆ ನನ್ನ ಮಫ್ಲರ್ ತಂದುಕೊಡಲು ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು. "ಬರೋದು ಬ್ಯಾಟರಿ ರೈಲು. ಫ್ರಿಜ್ಜಿನಷ್ಟೂ ಸದ್ದು ಮಾಡಲ್ವಂತೆ. ನೀವು ಕೇಳಿಸೋಕೆ ಹೊರಟಿರೋದು ನಮ್ಮಪ್ಪನ ಕಾಲದ ಡೀಸೆಲ್ ಗುಡುಗು. ಯಾಕೆ ಅಂತ ಯಾರಾದ್ರೂ ಹೇಳ್ತೀರಾ?"

ಓಡಿಲೊ ಬಹಳ ಸಮಾಧಾನದಿಂದ, "ಅಮ್ಮಾ, ನಮ್ಮ ದಾರಿ ಮೇಲೆ 1965ರಲ್ಲಿ ಬ್ಯಾಟರಿ ರೈಲು ಓಡಿರಲಿಲ್ಲ," ಎಂದರು. ನಾನು ತಲೆಯಾಡಿಸಿದೆ. ಅಕ್ಕ ಇಬ್ಬರನ್ನೂ ನೋಡಿದಳು, ಮಫ್ಲರನ್ನು ನನ್ನ ಕುತ್ತಿಗೆಗೆ ಎಸೆದಳು, ಹೋದಳು.

ಹೀಗೆ ತಾವು ಅಂಚೆಯಲ್ಲಿ ದಯಮಾಡಿಸಿದಿರಿ. ತಮ್ಮ ಜೊತೆಗೆ ಬಂದ ಕೈಪಿಡಿ ತಮಗಿಂತ ನಲವತ್ತು ಪಟ್ಟು ದಪ್ಪವಿತ್ತು. ತಮಗೆ ವಾಸಕ್ಕೆ ಜಾಗ, ತಮ್ಮ ಧ್ವನಿಪೆಟ್ಟಿಗೆಗೆ ಅದಕ್ಕಿಂತ ದೊಡ್ಡ ಜಾಗ, ಹಳಿಯಲ್ಲಿ ಕರೆಂಟು ಒಂದು ಕ್ಷಣ ತಪ್ಪಿದರೂ ತಮ್ಮ ಮಾತು ನಿಲ್ಲದಂತೆ ವಿದ್ಯುತ್ ಕೂಡಿಟ್ಟುಕೊಡುವ ಕೆಪ್ಯಾಸಿಟರ್ ಎಂಬ ತಮ್ಮ ಆಪ್ತ ಸಹಾಯಕನಿಗೆ ಬೇರೆ ಜಾಗ. ಮಂತ್ರಿಗಳೂ ಇಷ್ಟು ಪರಿವಾರ ಸಮೇತ ಬರುವುದಿಲ್ಲ. ರೈಲುಬಸ್ಸಿನ ಚಾವಣಿ ತೆಗೆದು ನೋಡಿದರೆ ಒಳಗೆ ಜಾಗವಿದ್ದದ್ದು ಒಂದೇ ಕಡೆ, ಜನ ಕೂತಿದ್ದ ಕಡೆ. ಅವರನ್ನು ಚಿಮುಟದಿಂದ ಒಬ್ಬೊಬ್ಬರನ್ನಾಗಿ ಎಬ್ಬಿಸಿ ಖಾಲಿ ಸಾಸಿವೆ ಸೀಸೆಯೊಂದಕ್ಕೆ ಹಾಕಿದೆ. ಅಂಟು ಗಟ್ಟಿಯಾಗಿದ್ದ ಕಾರಣ ಕೆಲವರ ಕಾಲುಗಳು ಸೀಟಿನಲ್ಲೇ ಉಳಿದವು. ಧ್ವನಿಪೆಟ್ಟಿಗೆಯನ್ನು ನೆಲಕ್ಕೆ ಹುದುಗಿಸಿ, ಮೇಲೆ ಸೀಟುಗಳನ್ನು ಕತ್ತರಿಸಿ ತೆಳ್ಳಗೆ ಮಾಡಿ ಮರಳಿ ಅಂಟಿಸಿದೆ. ಅಚ್ಚುಕಟ್ಟಾಗಿ ಕಂಡಿತು.

ಆಮೇಲೆ ಬೆಳಕು. ಚಾವಣಿಯ ಒಳಬದಿಗೆ ಎಲ್‌ಇಡಿ ಪಟ್ಟಿ ಅಂಟಿಸಿ, ಬೆಳ್ಳಗೆ ಆಸ್ಪತ್ರೆಯ ಹಾಗೆ ಕಂಡದ್ದಕ್ಕೆ ಕಿತ್ತು, ಹಳದಿ ಛಾಯೆಯದನ್ನು ತರಿಸಿ ಮತ್ತೆ ಅಂಟಿಸಿ, ಮುಂದಿನ ದೀಪ ಬಿಳಿ, ಹಿಂದಿನದು ಕೆಂಪು, ದಿಕ್ಕು ಬದಲಿಸಿದಾಗ ಅದಲುಬದಲು, ಇದೆಲ್ಲವನ್ನೂ ತಮಗೆ ಕಲಿಸುವಷ್ಟರಲ್ಲಿ ಅಕ್ಟೋಬರ್ ಕಳೆದು ನವೆಂಬರ್ ಮುಗಿಯುತ್ತಾ ಬಂತು. ಮೊದಲ ಸಲ ಒಳದೀಪ ಹತ್ತಿದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, ನಾಟಕದಿಂದ ಕರೆತಂದ ಅಕ್ಕನಿಗೆ ಕೋಟು ಕಳಚಲೂ ಬಿಡದೆ ತೋರಿಸಿದೆ. ಪ್ರತಿಯೊಂದು ಕಿಟಕಿಯೂ ಬೆಳಗುತ್ತಿತ್ತು. ಅವಳು ಬಗ್ಗಿ ನೋಡಿದಳು.

"ಜನ ಎಲ್ಲಿ?"

"ಸಾಸಿವೆ ಸೀಸೇಲಿ."

"ಮೊದಲು ಜನ ಇದ್ರು, ದೀಪ ಇರಲಿಲ್ಲ. ಈಗ ದೀಪ ಇದೆ, ಜನ ಇಲ್ಲ. ಇದನ್ನ ಆ ಬೋಲಮ್ಮನಿಗೆ ತೋರಿಸ್ತೀಯಾ?"

ಅದು ಧ್ವನಿಗಾಗಿ ಮಾಡಿಕೊಂಡ ಸಣ್ಣ ಹೊಂದಾಣಿಕೆ, ಓಡುವಾಗ ಯಾರಿಗೂ ಕಾಣುವುದಿಲ್ಲ ಎಂದು ನಾನು ವಿವರಿಸಿದೆ. ಅವಳು ಕೋಟಿನಲ್ಲೇ ಮಹಡಿ ಹತ್ತಿದಳು.

ಇನ್ನು ತಮ್ಮ ಕೂಗಿನ ವಿಷಯ. ಗೇಟಿಲ್ಲದ ರೈಲ್ವೆ ಕ್ರಾಸಿಂಗುಗಳ ಮುಂದೆ ಚಾಲಕ ಹಾರ್ನ್ ಒತ್ತಲೆಂದು ಹಳಿಯ ಪಕ್ಕ ನಿಲ್ಲಿಸಿದ ಬಿಳಿ ಹಲಗೆಗಳು ನಿಜವಾದ ದಾರಿಯಲ್ಲಿ ಹನ್ನೊಂದಿದ್ದವು. ಹೊಸ ರೈಲಿಗೆ ಎಲ್ಲಾ ಕಡೆ ಗೇಟು ಹಾಕುವ ಯೋಜನೆಯಿತ್ತು, ಕೂಗುವ ಅಗತ್ಯವೇ ಇರಲಿಲ್ಲ. ಆದರೆ ನಮ್ಮ ಮೇಜಿನ ಮೇಲೆ 1965. ಓಡಿಲೊ ಪ್ರತಿ ಹಲಗೆಯ ಬುಡದಲ್ಲೂ ಹಳಿಯ ಕೆಳಗೆ ಒಂದೊಂದು ಅಯಸ್ಕಾಂತ ಹುದುಗಿಸಿದರು, ಅದರ ಮೇಲೆ ಹಾಯ್ದ ಕೂಡಲೇ ತಾವು ಕೂಗುವಂತೆ. ಹದಿನಾಲ್ಕು ಕಿಲೋಮೀಟರನ್ನು ಆರು ಮೀಟರಿಗೆ ಕುಗ್ಗಿಸಿದವರು ಹಲಗೆಗಳನ್ನೂ ಕುಗ್ಗಿಸಬಹುದಿತ್ತು. ನಾನು ಮೆಲ್ಲಗೆ ಸೂಚಿಸಿದೆ, ಮೂರು ಸಾಕಲ್ಲವೇ ಎಂದು. "ಹಾಗಾದ್ರೆ ಅದು ನಮ್ಮ ದಾರಿ ಅಲ್ಲ ವಿಂಕ್ಲರ್ ಅವರೇ, ಬೇರೆ ಯಾರದೋ ದಾರಿ," ಎಂದರು. ಮೇಷ್ಟ್ರಾಗಿದ್ದವನು ನಾನು, ನಕಾಶೆಗೆ ಸುಳ್ಳು ಹೇಳಿಸುವುದು ನನಗೂ ಆಗದು. ಒಪ್ಪಿಕೊಂಡೆ.

ಆ ಭಾನುವಾರ ಮಂಡಳಿಯ ಹದಿನೇಳು ಜನರೂ ಬಂದಿದ್ದರು. ಶ್ರೀಮತಿ ಬೋಲ್ ಬೂದು ಬಣ್ಣದ ಕೋಟಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದರು, ಕೈಯಲ್ಲಿ ಕೇಕಿನ ತಟ್ಟೆ. ಸ್ಥಳೀಯ ಪತ್ರಿಕೆಯ ಹುಡುಗಿ ಕ್ಯಾಮೆರಾ ಹಿಡಿದಿದ್ದಳು. ಅಕ್ಕ ಕಾಫಿ ಬಗ್ಗಿಸುತ್ತಿದ್ದಳು. ನಾನು ನಾಲ್ಕು ಮಾತಾಡಿದೆ: ರೈಲೆಂದರೆ ಎಷ್ಟು ಮೆಲ್ಲನೆಯ ಸಾಧು ಜೀವಿ ಎಂಬುದನ್ನು ತಾವೆಲ್ಲರೂ ಈಗ ತಮ್ಮ ಕಿವಿಯಿಂದಲೇ ಕೇಳುವಿರಿ ಎಂದೆ. ಓಡಿಲೊ ಕೋಣೆಯ ದೀಪ ಆರಿಸಿದರು, ನಮ್ಮ ಒಳಬೆಳಕು ಚೆನ್ನಾಗಿ ಕಾಣಲೆಂದು.

ತಾವು ಎಂಜಿನ್ ಚಾಲೂ ಮಾಡಿದಿರಿ. ಮನೆಯಲ್ಲಿ ನಾನು ಧ್ವನಿಯನ್ನು ಕಾಲು ಭಾಗಕ್ಕೆ ಇಳಿಸಿಟ್ಟಿದ್ದೆ. ಅದು ತಮಗೆ ರುಚಿಸಲಿಲ್ಲವೆಂದು ತೋರುತ್ತದೆ, ಹಳಿಯ ಮೇಲೆ ಇಟ್ಟ ಕೂಡಲೇ ಕಾರ್ಖಾನೆಯವರು ಕೊಟ್ಟ ಪೂರ್ಣ ಧ್ವನಿಗೆ ಮರಳಿದಿರಿ. ಸಂಘದ ಆ ಕೋಣೆ ಮೊದಲೇ ಇಟ್ಟಿಗೆಯ ಗೋಡಾನು, ಪಿಸುಮಾತೂ ಎರಡು ಸಲ ಕೇಳುತ್ತದೆ. ಮೇಜೇ ತಮಟೆಯಾಯಿತು. ಕಪ್ಪು-ಬಸಿಗಳು ನಡುಗಿದವು. ಆಮೇಲೆ ಮೊದಲ ಹಲಗೆ ಬಂತು. ತಾವು ಕೂಗಿದಿರಿ. ಆ ಕೂಗು ಮುಗಿಯುವ ಮೊದಲೇ ಎರಡನೆಯದು ಬಂತು. ಮೂರನೆಯ ಕೂಗಿಗೆ ಮೇಯರ್ ಅವರ ಕಾಫಿ ತಟ್ಟೆಗೆ ಚೆಲ್ಲಿತು, ಐದನೆಯದಕ್ಕೆ ಯಾರದೋ ಮೊಮ್ಮಗು ಅಳಲು ಶುರುಮಾಡಿತು. ಆರು ಮೀಟರಿನ ಕಣಿವೆಯಲ್ಲಿ ಹನ್ನೊಂದು ಕ್ರಾಸಿಂಗು. ಅರ್ಧ ಕಿವುಡರಾದ ನಮ್ಮ ಪಾದ್ರಿಗಳು ಕೂಡ ಕಿವಿಯಿಂದ ಶ್ರವಣಯಂತ್ರ ತೆಗೆದು ಜೇಬಿಗೆ ಹಾಕಿಕೊಂಡರು. ತಮ್ಮ ಕರ್ತವ್ಯನಿಷ್ಠೆಯ ಬಗ್ಗೆ ನನ್ನದು ಎರಡು ಮಾತಿಲ್ಲ, ಒಂದೇ ಒಂದು ಹಲಗೆಯನ್ನೂ ತಾವು ಬಿಡಲಿಲ್ಲ.

ಕತ್ತಲಲ್ಲಿ ಓಡಿಲೊ ತಡಕಾಡಿ ಪ್ಲಗ್ ಎಳೆದರು. ಬೇರೆ ಯಾವ ಗಾಡಿಯಾದರೂ ಮರ್ಯಾದೆಯಿಂದ ನಿಲ್ಲುತ್ತಿತ್ತು. ತಮ್ಮ ಆಪ್ತ ಸಹಾಯಕ ಕೆಪ್ಯಾಸಿಟರ್ ಇದ್ದಾನಲ್ಲ, ಅವನ ಕೃಪೆಯಿಂದ ಇಡೀ ಕಣಿವೆ ಕಪ್ಪಾದ ಮೇಲೂ ತಾವೊಬ್ಬರೇ ಝಗಝಗಿಸುತ್ತಾ ಇನ್ನೂ ಎರಡು ಗೇಣು ಓಡಿ, ಶ್ರೀಮತಿ ಬೋಲ್ ಅವರ ಮೂಗಿನ ಕೆಳಗೆ ಬಂದು ನಿಂತು, ಕೊನೆಯದಾಗಿ ಒಮ್ಮೆ ಕೂಗಿ, ಶೌಚಾಲಯದ ನೀರು ಬಿಟ್ಟಿರಿ. ಆಮೇಲೆ ನಿಶ್ಶಬ್ದ. ಕಿಟಕಿಗಳು ಮಾತ್ರ ಬೆಳಗುತ್ತಿದ್ದವು.

ಶ್ರೀಮತಿ ಬೋಲ್ ಬಗ್ಗಿದರು. ಅವರು ಒಳ್ಳೆಯ ಮನೆತನದವರು, ದನಿಯೇರಿಸುವವರಲ್ಲ. ಒಂದು ಕಿಟಕಿ ನೋಡಿದರು, ಇನ್ನೊಂದು ನೋಡಿದರು, ಕೊನೆಯವರೆಗೂ ನೋಡಿಕೊಂಡು ಹೋದರು.

"ವಿಂಕ್ಲರ್ ಅವರೇ, ಇದರೊಳಗೆ ಯಾರೂ ಇಲ್ಲವಲ್ಲ," ಎಂದರು. ಮತ್ತೆ ನೋಡಿ, "ಬರೀ ಕಾಲುಗಳಿವೆ," ಎಂದರು.

ಕ್ಯಾಮೆರಾ ಮಿಂಚಿತು. ಆ ಚಿತ್ರ ಮಂಗಳವಾರದ ಪತ್ರಿಕೆಯಲ್ಲಿ ಅರ್ಧ ಪುಟ ಬಂತು. ತಮ್ಮ ಬೆಳಕಿನ ಗುಣಮಟ್ಟ ಎಷ್ಟು ಉತ್ತಮವೆಂದರೆ ಪ್ರತಿಯೊಂದು ಖಾಲಿ ಸೀಟೂ ಎಣಿಸುವ ಹಾಗಿತ್ತು. ಕೆಳಗೆ ಒಂದೇ ಸಾಲು: 'ಆಟಿಕೆಯಲ್ಲೂ ಯಾರೂ ಕೂರುತ್ತಿಲ್ಲ.' ಗುರುವಾರ ಮಂಡಳಿ ಹತ್ತಕ್ಕೆ ಏಳರಂತೆ ರೈಲು ಬೇಡವೆಂದಿತು. ಹಳಿ ಕಿತ್ತು ಸೈಕಲ್ ದಾರಿ ಮಾಡುವುದೆಂದೂ, ಊರಿನ ರೈಲು ಪರಂಪರೆಯ ನೆನಪಿಗಾಗಿ ಹಳೆಯ ಸರಕು ಕೊಠಡಿಯನ್ನು ಪುಟಾಣಿ ರೈಲು ಸಂಘಕ್ಕೆ ಶಾಶ್ವತವಾಗಿ ಬಿಟ್ಟುಕೊಡುವುದೆಂದೂ ತೀರ್ಮಾನವಾಯಿತು.

ಮಾನ್ಯರೇ, ಇಲ್ಲಿಯವರೆಗೆ ನಾನು ತಮ್ಮನ್ನೇ ದೂರಿದ್ದೇನೆ, ಮುಂದೆಯೂ ದೂರುವವನಿದ್ದೇನೆ. ಆದರೆ ನಡುವೆ ಒಂದು ಸಂಗತಿ ಬಂತು. ಮುಂದಿನ ಮಂಗಳವಾರ ಸಂಘದಲ್ಲಿ ಓಡಿಲೊ ಎಲ್ಲರಿಗೂ ಸ್ವಂತ ಖರ್ಚಿನಲ್ಲಿ ಬಿಯರ್ ಹಂಚಿದರು. ಇದು ನಮ್ಮ ಸಂಘದ ಚರಿತ್ರೆಯಲ್ಲಿ ಮೊದಲು. ನಾನು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದನ್ನು ಕಂಡು ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈಯಿಟ್ಟರು.

"ದೊಡ್ಡ ರೈಲು ಬಂದಿದ್ರೆ ಈ ಕೊಠಡೀನ ಟಿಕೆಟ್ ಮನೆ ಮಾಡ್ತಿದ್ರು ವಿಂಕ್ಲರ್ ಅವರೇ. ನಮ್ಮ ಮೇಜು ಬೀದಿಗೆ ಬೀಳ್ತಿತ್ತು. ಯೋಜನೆ ನಕ್ಷೇಲಿ ಇತ್ತಲ್ಲ, ನೀವು ನೋಡಿರಲಿಲ್ವಾ?"

ನಾನು ನೋಡಿರಲಿಲ್ಲ. ಭೂಗೋಳದ ಮೇಷ್ಟ್ರು, ನಕ್ಷೆ ನೋಡಿರಲಿಲ್ಲ. ಅವರು ಹನ್ನೊಂದು ಅಯಸ್ಕಾಂತಗಳನ್ನೂ ಬರಿಯ 1965ರ ಮೇಲಿನ ಪ್ರೀತಿಗೆ ಹುದುಗಿಸಿದರೋ, ಬೇರೆ ಯಾವುದರ ಮೇಲಿನ ಪ್ರೀತಿಗೋ ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ. ಮಂಡಳಿಗೆ ಧನ್ಯವಾದ ಹೇಳುವ ಠರಾವು ಬಂದಾಗ ಎಲ್ಲರ ಕೈ ಮೇಲೆ ಹೋಯಿತು. ನನ್ನದೂ ಹೋಯಿತು. ಇದನ್ನು ಅಕ್ಕನಿಗೆ ಹೇಳಿದೆ. ಅವಳು ಸೂಟ್‌ಕೇಸಿಗೆ ಸ್ವೆಟರುಗಳನ್ನು ಮಡಚಿಡುತ್ತಿದ್ದಳು.

"ನೀನು ಕೆಟ್ಟವನಲ್ಲ ಗೆರ್ನೊಟ್," ಎಂದಳು. "ನಿನಗೆ ಆ ಗಾಡಿ ಚೆನ್ನಾಗಿ ಕಾಣಬೇಕಿತ್ತು. ಅದು ಎಲ್ಲಿಗೆ ಹೋಗುತ್ತೆ ಅನ್ನೋದು ನಿನಗೆ ಬೇಕಿರಲಿಲ್ಲ."

ನನಗೆ ಬಹಳ ನೋವಾಯಿತು. ಆ ಮಾತು ತಮಗೆ ಅನ್ವಯಿಸುತ್ತದೆಯೇ ಹೊರತು ನನಗಲ್ಲವೆಂದು ಸಾಬೀತು ಮಾಡುವುದಕ್ಕಾಗಿಯೇ ಈ ಪತ್ರ ಬರೆಯಲು ಕೂತೆ. ಇಷ್ಟು ದೂರ ಬಂದರೂ ಸಾಬೀತಾದ ಹಾಗೆ ಕಾಣುತ್ತಿಲ್ಲ, ತಾವು ಸ್ವಲ್ಪ ಸಹಕರಿಸಬೇಕು.

ಆದ್ದರಿಂದ ತಮ್ಮ ಪಾದಗಳಲ್ಲಿ, ಎಂದರೆ ತಮ್ಮ ಎಂಟು ತಂತಿಗಳಲ್ಲಿ, ಕೆಲವು ಅರಿಕೆಗಳನ್ನು ಮಾಡಿಕೊಳ್ಳುತ್ತೇನೆ. ತಮ್ಮ ಕೂಗಿನ ಪೂರ್ಣ ಧ್ವನಿಯನ್ನು ಗುರುವಾರದ ಆ ಸಭೆಗೆ ಹಿಂದಕ್ಕೆ ಕಳಿಸಿ, ಹತ್ತು ಜನ ಕೈಯೆತ್ತುವ ಹೊತ್ತಿಗೆ ಸರಿಯಾಗಿ ಒಮ್ಮೆ ಕೂಗಿಕೊಡಬೇಕು. ಬೆಚ್ಚಿಬಿದ್ದು ಇಬ್ಬರಾದರೂ ಕೈ ಇಳಿಸಿದರೆ ಅಷ್ಟೇ ಸಾಕು. ಖಾಲಿ ಸೀಟುಗಳನ್ನು ಅಷ್ಟು ಸ್ಪಷ್ಟವಾಗಿ ತೋರಿಸಬಲ್ಲ ತಮ್ಮ ಬೆಳಕನ್ನು, ಆರು ಗಂಟೆಯ ಬಸ್ಸು ತಪ್ಪಿ ನಿಲ್ದಾಣದಲ್ಲಿ ಹೆಪ್ಪುಗಟ್ಟಿ ನಿಂತಿರುವ ಜನರ ಕಡೆಗೂ ಒಮ್ಮೆ ತಿರುಗಿಸಬೇಕು, ಅವರ ಚಿತ್ರವೂ ಅರ್ಧ ಪುಟ ಬರಲಿ. ನಮ್ಮಲ್ಲಿ ಇನ್ನು ಓಡುವ ರೈಲು ತಾವೊಬ್ಬರೇ ಆಗಿರುವುದರಿಂದ, ನಮ್ಮಕ್ಕನನ್ನು ನಾಟಕ ಮುಗಿದ ಮೇಲೆ ಕರೆತರುವ ಹೊಣೆಯನ್ನೂ ತಾವೇ ಹೊರಬೇಕು. ನಮ್ಮ ಮೇಜಿನ ಅಳತೆಗೆ ಅವಳು ಎಂಬತ್ತೇಳು ಪಟ್ಟು ಸಣ್ಣಗಾಗಬೇಕಾಗುತ್ತದೆ ಎಂಬುದು ನಿಜ. ಫೋನಿನಲ್ಲಿ ವಿಚಾರಿಸಿದೆ. "ಉಪವಾಸ ಸತ್ತರೂ ಅಷ್ಟು ಸಣ್ಣಗಾಗಲ್ಲ ಅಂತ ಹೇಳು ಅದಕ್ಕೆ," ಎಂದಳು. ಹಾಗಾಗಿ ತಾವೇ ಅಷ್ಟು ಪಟ್ಟು ದೊಡ್ಡವರಾಗುವುದು ಅನಿವಾರ್ಯ. ಹಳಿ ಕೀಳುವವರು ಮಾರ್ಚ್‌ನಲ್ಲಿ ಬರುತ್ತಾರೆ, ಅದಕ್ಕೆ ಮುಂಚೆ ಬೆಳೆದುಬಿಟ್ಟರೆ ಅನುಕೂಲ.

ಇದ್ಯಾವುದೂ ಆಗದಿದ್ದಲ್ಲಿ ಕನಿಷ್ಠ ಒಂದು. ತಮ್ಮ ಹೊಟ್ಟೆಯಲ್ಲಿರುವ ನಿಲ್ದಾಣದ ಹೆಂಗಸು ತುಂಬ ಇಂಪಾದ ದನಿಯಲ್ಲಿ "ವೈಡನ್‌ರೋಡ್ ಬಂತು, ಇಳಿಯೋರು ಇಳೀರಿ," ಎಂದು ಹೇಳುತ್ತಾರೆ. ಆ ಪ್ರಕಟಣೆಯನ್ನು ತಾವು ನಿಲ್ಲಿಸಬೇಕು. ನಮ್ಮ ಮನೆಯ ಮಹಡಿಯಲ್ಲಿ ಈಗ ಯಾರೂ ನಡೆದಾಡುವುದಿಲ್ಲ. ರಾತ್ರಿ ಬ್ರೆಡ್ಡು ಇದೆ, ಚೀಸು ಇದೆ, ಜಗಳವಾಡಲು ಯಾರೂ ಇಲ್ಲ. ಇಂಥ ಹೊತ್ತಿನಲ್ಲಿ ಯಾರೋ ಬಂದಿಳಿಯುತ್ತಾರೆ ಎಂದು ಪದೇಪದೇ ಹೇಳುವುದು ಶಿಷ್ಟಾಚಾರವಲ್ಲ.

ತಮ್ಮ ದಕ್ಷತೆ, ನಿಷ್ಠೆ ಮತ್ತು ಕಂಠಕ್ಕೆ ಮತ್ತೊಮ್ಮೆ ತಲೆಬಾಗುತ್ತಾ, ಈ ಪತ್ರದ ಪ್ರತಿಯನ್ನು ಮಂಡಳಿಯ ಹದಿನೇಳು ಸದಸ್ಯರಿಗೂ, ಅರ್ಧ ಪುಟ ಮೀಸಲಿಡಬಲ್ಲ ಪತ್ರಿಕೆಗೂ ಕಳಿಸಿದ್ದೇನೆಂದು ತಿಳಿಯಪಡಿಸುತ್ತೇನೆ.

ತಮ್ಮನ್ನು ಸ್ವಂತ ಕೈಯಿಂದ ಬೆಸೆದ,
ಇನ್ನು ಬಿಚ್ಚಲು ಧೈರ್ಯವಿಲ್ಲದ,
ತಮ್ಮ ವಿಶ್ವಾಸಿ,
ಗೆರ್ನೊಟ್ ವಿಂಕ್ಲರ್

ತಾ.ಕ.: ಸೈಕಲ್ ದಾರಿಯ ಉದ್ಘಾಟನೆ ಜೂನ್ ತಿಂಗಳ ಮೊದಲ ಭಾನುವಾರವೆಂದು ಗೊತ್ತಾಗಿದೆ. ಮೇಯರ್ ಅವರು ತಮ್ಮನ್ನು ಮುಖ್ಯ ಅತಿಥಿಯಾಗಿ ಆಹ್ವಾನಿಸಿದ್ದಾರೆ. ಹಳೆಯ ಪ್ಲಾಟ್‌ಫಾರ್ಮಿನ ಮೇಲೆ ಮೇಜು ಹಾಕಿ ತಮ್ಮನ್ನು ಓಡಿಸಬೇಕಂತೆ, ಪೂರ್ಣ ಧ್ವನಿಯಲ್ಲಿ. ರಿಬ್ಬನ್ ಕತ್ತರಿಸುವವರು ಶ್ರೀಮತಿ ಬೋಲ್. ಸಂಘದ ಪರವಾಗಿ ನಾನು ಒಪ್ಪಿಕೊಂಡಿದ್ದೇನೆ, ಸೀಟುಗಳಿಗೆ ಹಿಡಿಸುವಂಥ, ಸೊಂಟದ ಮೇಲಷ್ಟೇ ಇರುವ ಹೊಸ ಜನರನ್ನೂ ತರಿಸಿದ್ದೇನೆ, ಅಂಗಡಿಯವರೇ ಬಣ್ಣ ಹಚ್ಚಿದವರು. ಅಕ್ಕನಿಗೂ ಆಮಂತ್ರಣ ಹೋಗಿತ್ತು. ಭಾನುವಾರ ಬಿರ್ಕೆನ್‌ಸ್ಟಾಟ್‌ನಿಂದ ಬಸ್ಸಿಲ್ಲ, ಬರಲಾಗುವುದಿಲ್ಲ ಎಂದು ಬರೆದಿದ್ದಾಳೆ.